ಒತ್ತೆಕೋಲಕ್ಕೆ ವಿಡಿಯೊ ಕ್ಯಾಮೆರಾ ಒಯ್ಯುವವರಿಗೆ

ಮಂಗಳೂರಿನಿಂದ ತೆಂಕಣಕ್ಕೆ ಹೋಗುವ ಪ್ಯಾಸೆಂಜರ್ ಹಿಡಿದು ಕಾಸರಗೋಡು ಜಿಲ್ಲೆಯ ಕುಂಬಳೆ, ಬೇಕಲ, ಹೊಸದುರ್ಗ (ಕಾಞಂಗಾಡ್) ಅಂತ ವಿಡಿಯೊ ಮಾಡುತ್ತಾ ಸಾಗುವ ಯೋಚನೆಯಿದ್ದರೆ ಅಕ್ಟೋಬರ್ ಕೊನೆಯಿಂದ ಮೇ ತನಕದ ದಿನಗಳನ್ನು ಆರಿಸಿ. ದೈವಗಳ ಉತ್ಸವವಾದ ಕಳಿಯಾಟ, ದೈವ ಕೆಂಡದ ಮೇಲೆ ಬೀಳುವ ಒತ್ತೆಕೋಲ ನಡೆಯುವ ಕಾಲ ಅದು. ನಮ್ಮ ಕ್ಯಾಮ್‌ಕಾರ್ಡರಿನ ಜೂಮ್, ಫೋಕಸ್ ದಾರಿಯುದ್ದಕ್ಕೂ ತಕರಾರು ಮಾಡಿದವು. ಅದರಲ್ಲಿ ನಿಜವಾದ ರಿಪೇರಿಯ ವಿಷಯ ಒಂದೇ. ಉಳಿದದ್ದೆಲ್ಲ ಈ ಕರಾವಳಿಯ ಗಾಳಿ ಬೆಳಕಿನ ಕಾರುಬಾರು.

ಎಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಎಲ್ಲವೂ ಮಂಜು ಮಂಜಾಗಿ ಕಂಡರೆ ಹೆದರಬೇಡಿ. ತಣ್ಣಗಿನ ಗಾಜಿನ ಮೇಲೆ ಸೆಕೆಯ ಗಾಳಿಯ ತೇವ ಕೂರುತ್ತದೆ, ಕೆಲವೊಮ್ಮೆ ಒಳಗಿನ ಲೆನ್ಸಿಗೂ. ಒರೆಸಿ ಪ್ರಯೋಜನವಿಲ್ಲ. ಕೋಣೆಯೊಳಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೊರಡಿ, ಅದು ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಬಿಚ್ಚಿ. ಪ್ಯಾಸೆಂಜರಿನ ಕಿಟಕಿ ಬದಿಯಲ್ಲಿ ಕೂತರೆ ಅಷ್ಟು ಹೊತ್ತು ತಾನಾಗಿ ಕಳೆಯುತ್ತದೆ.

ಕುಂಬಳೆಯಿಂದ ಅನಂತಪುರದ ಕೆರೆ ದೇವಸ್ಥಾನಕ್ಕೆ ಆಟೋ ಸಿಗುತ್ತದೆ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರಲ್ಲಿ ತೀರಿಕೊಂಡಿತು, ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿತು. ಇಲ್ಲಿ ಆಟೋಫೋಕಸ್ ನೀರಿನ ಮೇಲ್ಮೈ ಬಿಟ್ಟು ಅದರಲ್ಲಿ ಕಾಣುವ ಗೋಡೆಯ ಬಿಂಬವನ್ನು ಹಿಡಿಯುತ್ತದೆ. ತೇಲುವ ಎಲೆಯೊಂದಕ್ಕೆ ಫೋಕಸ್ ಕೂರಿಸಿ ಮ್ಯಾನುಯಲ್‌ಗೆ ಹಾಕಿ. ಎಲ್ಲಿಯವರೆಗೆ ಚಿತ್ರೀಕರಿಸಬಹುದೆಂದು ಮೊದಲೇ ವಿಚಾರಿಸಿಕೊಳ್ಳಿ.

ಶಿವಪ್ಪ ನಾಯಕನ ಬೇಕಲ ಕೋಟೆಗೆ ನಡು ಮಧ್ಯಾಹ್ನ ಹೋಗಲೇಬೇಡಿ. ಬುರುಜಿನಿಂದ ಪೂರ್ತಿ ಜೂಮ್ ಹಾಕಿದರೆ ದೂರದ ದೋಣಿಗಳು ಕುಣಿಯುತ್ತವೆ. ಕಾದ ಮುರಕಲ್ಲಿನ ಮೇಲಿನ ಗಾಳಿಯೇ ಅಲುಗಾಡುವಾಗ ಯಾವ ಲೆನ್ಸೂ ಏನೂ ಮಾಡಲಾರದು. ನಮ್ಮ ಜೂಮ್ ಲಿವರ್ ಸಿಕ್ಕಿಹಾಕಿಕೊಂಡದ್ದೂ ಇಲ್ಲೇ: ಒತ್ತಿದರೆ ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ. ಆಗ ಪರದೆಯ ಮೇಲಿನ ಜೂಮ್ ಗುಂಡಿಯನ್ನೋ ರಿಮೋಟನ್ನೋ ಒತ್ತಿ ನೋಡಿ. ಅದರಲ್ಲಿ ಸರಾಗವಾಗಿ ಓಡಿದರೆ ಮೋಟಾರು ಸರಿಯಿದೆ, ಲಿವರಿನ ಸಂದಿಗೆ ಹೊಯಿಗೆಯೋ ಉಪ್ಪೋ ಸೇರಿದೆ ಎಂದರ್ಥ. ಒಣ ಬ್ರಷ್ಷಿನಿಂದ ಉಜ್ಜಿ, ಬಾಯಿಂದ ಊದಬೇಡಿ. ಎರಡರಲ್ಲೂ ಓಡದೆ ಕರಕರ ಸದ್ದು ಬಂದರೆ ಆಫ್ ಮಾಡಿ ಚೀಲಕ್ಕೆ ಹಾಕಿ.

ನಿಜವಾದ ಪರೀಕ್ಷೆ ಒತ್ತೆಕೋಲದ್ದು. ರಾತ್ರಿಯಿಡೀ ಸೌದೆ ಉರಿದು ಕೆಂಡದ ರಾಶಿಯಾಗುತ್ತದೆ. ಬೆಳಗಿನ ಜಾವ ವಿಷ್ಣುಮೂರ್ತಿ ದೈವ ತೆಂಗಿನ ಸಿರಿಯ (ಎಳೆಗರಿಯ) ಉಡುಗೆಯಲ್ಲಿ ಅದರ ಮೇಲೆ ಮತ್ತೆ ಮತ್ತೆ ಬೀಳುತ್ತದೆ. ಆಟೋಫೋಕಸ್ ಹುಡುಕುವುದು ಬೆಳಕು ಕತ್ತಲೆಯ ಅಂಚನ್ನು. ಕಿಡಿ ಹಾರಿದಲ್ಲೆಲ್ಲ ಅದು ಓಡುತ್ತದೆ, ದೈವದ ಮುಖ ಮಸುಕು. ಜೂಮ್ ಹೆಚ್ಚಿಸಿದಷ್ಟೂ ಹೆಚ್ಚಿನ ಕ್ಯಾಮ್‌ಕಾರ್ಡರುಗಳಲ್ಲಿ ಒಳಬರುವ ಬೆಳಕು ಕಡಿಮೆಯಾಗಿ ಈ ತಡಕಾಟ ಇನ್ನೂ ಜೋರಾಗುತ್ತದೆ. ಹಾಗಾಗಿ ಬೇಗ ಹೋಗಿ, ಹಗ್ಗದ ಹೊರಗೇ ಆದರೂ ಹತ್ತಿರದ ಜಾಗ ಹಿಡಿದು, ಜೂಮ್ ತಗ್ಗಿಸಿ. ದೈವ ಕೆಂಡದ ಮುಂದೆ ನಿಂತ ಕ್ಷಣ ಪೂರ್ತಿ ಜೂಮ್ ಮಾಡಿ ಮುಖಕ್ಕೆ ಫೋಕಸ್ ಕೂರಿಸಿ, ಮ್ಯಾನುಯಲ್‌ಗೆ ಬದಲಿಸಿ, ಆಮೇಲೆ ಜೂಮ್ ಹಿಂದಕ್ಕೆ ತನ್ನಿ. ಅಷ್ಟೇ ದೂರದಲ್ಲಿ ನಡೆಯುವುದೆಲ್ಲ ಸ್ಪಷ್ಟವಾಗಿರುತ್ತದೆ. ಫೋಟೊ ಕ್ಯಾಮೆರಾದ ಜೂಮ್ ಲೆನ್ಸಾದರೆ ಈ ಉಪಾಯವನ್ನು ನೆಚ್ಚಬೇಡಿ. ಜೂಮ್ ಬದಲಾದರೆ ಫೋಕಸ್ಸೂ ಜಾರುವ ಲೆನ್ಸುಗಳೇ ಹೆಚ್ಚು. ಮೊದಲು ತರವಾಡಿನ (ಮೂಲ ಮನೆತನದ) ಹಿರಿಯರನ್ನೋ ಸಮಿತಿಯವರನ್ನೋ ಕೇಳಿ, ಲೈಟ್ ಮಾತ್ರ ಹಾಕಲೇಬೇಡಿ. ಹೊಸದುರ್ಗದ ಕಡೆ ಮಲಯಾಳ ಬಲ್ಲವರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಇಷ್ಟೆಲ್ಲ ಆದಮೇಲೂ ಸಂಶಯ ಉಳಿದರೆ ಬೆಳಗಿನ ಒಳ್ಳೆಯ ಬೆಳಕಿನಲ್ಲಿ ಸ್ಟೇಷನ್ನಿನ ಹೆಸರಿನ ಹಲಗೆಗೆ ಕ್ಯಾಮೆರಾ ಹಿಡಿಯಿರಿ. ಡಿಜಿಟಲ್ ಜೂಮ್ ಆಫ್ ಇರಲಿ, ಮುಂದಿನ ಫಿಲ್ಟರ್ ಬಿಚ್ಚಿಡಿ. ಅದರ ಮೇಲಿನ ಉಪ್ಪಿನ ಪೊರೆಯೇ ಎಷ್ಟೋ ಸಲ ಕಾರಣ. ಜೂಮ್ ಇಲ್ಲದೆ ಅಕ್ಷರ ಸ್ಪಷ್ಟವಿದ್ದು, ಜೂಮ್ ಮಾಡಿದಾಗ ಮ್ಯಾನುಯಲ್ ಫೋಕಸ್ಸಿಗೂ ಬಗ್ಗದಿದ್ದರೆ ಲೆನ್ಸಿನ ಒಳಗೇ ತೊಂದರೆಯಿದೆ. ಅದನ್ನು ರೆಕಾರ್ಡ್ ಮಾಡಿಟ್ಟುಕೊಂಡು ಸರ್ವಿಸಿನವರಿಗೆ ಆ ಕ್ಲಿಪ್ಪನ್ನೇ ತೋರಿಸಿ.