ಕ್ಯಾಂಪಿನ ಚಹಾ

ನಿನ್ನೆ ಸಿಂಧನೂರಿನ ಆರ್‌ಎಚ್ ಕ್ಯಾಂಪಿನಲ್ಲಿ ಚಹಾಕ್ಕೆ ನಿಂತಿದ್ದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವೇ ಜಾಗ ಕೊಟ್ಟ ಊರು. ಅಂಗಡಿಯ ಅಜ್ಜ ನನಗಿಂತ ಚೆನ್ನಾಗಿ ನಮ್ಮ ಕಡೆಯ ಕನ್ನಡ ಮಾತಾಡುತ್ತಾರೆ, ಆದರೂ ಪೌರತ್ವದ ಸುದ್ದಿ ಬಂದಾಗಲೆಲ್ಲ ಟ್ರಂಕಿನಿಂದ ಹಳೆ ಕಾಗದ ತೆಗೆದು ನೋಡುತ್ತಾರಂತೆ. ಮೂರು ನೆರೆದೇಶಗಳ ಮುಸ್ಲಿಮೇತರ ವಲಸಿಗರಿಗೆ ಪೌರತ್ವ ಕೊಡುವ 2019ರ ತಿದ್ದುಪಡಿ ಕಾಯ್ದೆಗೆ ನಿಯಮ ಬಂದಿದ್ದು 2024ರ ಮಾರ್ಚ್‌ನಲ್ಲಿ. ಧರ್ಮ ನೋಡಿ ಬಾಗಿಲು ತೆಗೆಯುವುದು ನನಗಂತೂ ಸರಿ ಕಾಣಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಕಾಯ್ದೆ ಬಂದಾಗ ಇದನ್ನ ಬೀದಿಯಲ್ಲಿ ನಿಂತು ಹೇಳೋಣ ಅಂದ್ರೆ 144 ಸೆಕ್ಷನ್ ಇತ್ತು! 2019ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಾಕಿದ್ದು ತಪ್ಪು ಅಂತ ಹೈಕೋರ್ಟೇ ಹೇಳಿತು, ಆದರೆ ಅಷ್ಟರಲ್ಲಿ ಫೆಬ್ರವರಿ ಬಂದಿತ್ತು. ಅಜ್ಜ ಮಾತ್ರ ಚಹಾದ ದುಡ್ಡು ಬೇಡ ಅಂದರು, ನಾನು ಸುಮ್ನೆ ಡಬ್ಬಿ ಕೆಳಗೆ ಇಟ್ಟು ಬಂದೆ.