ರೇಂಜಿಗೆ ಬೀಗ, ಹಾಲ್‌ನಲ್ಲಿ ಗುರಿ: ಲಾಕ್‌ಡೌನ್ ಕಾಲದ ಶೂಟಿಂಗ್

ಒತ್ತಿದ ಗಾಳಿಯಿಂದ ಪೆಲೆಟ್ (ಸೀಸದ ಪುಟ್ಟ ಗುಂಡು) ಹೊಡೆಯುವ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿ ಇರುವುದು ಹತ್ತು ಮೀಟರ್ ದೂರದಲ್ಲಿ, ಅಂದರೆ 32 ಅಡಿ 10 ಇಂಚು. ಬೆಂಗಳೂರಿನ 30×40 ಸೈಟಿನಲ್ಲಿ ಉದ್ದದ ಕಡೆ 40 ಅಡಿ ಇದ್ದರೂ ಹಿಂದೆ ಮುಂದೆ ಬಿಟ್ಟ ಜಾಗ, ಗೋಡೆಯ ದಪ್ಪ ಎಲ್ಲ ಕಳೆದರೆ ಒಳಗೆ ಉಳಿಯುವುದು ಕಷ್ಟಪಟ್ಟು ಅಷ್ಟೇ. ಅದೂ ಹಾಲ್‌ನ ಬಾಗಿಲು, ಊಟದ ಜಾಗ, ಅಡುಗೆಮನೆ ಬಾಗಿಲು ಒಂದೇ ಸಾಲಿಗೆ ಬಂದಿದ್ದರೆ. 2020ರ ಮಾರ್ಚ್ 25ರಿಂದ ಇಡೀ ದೇಶ ಮನೆಯೊಳಗೆ ಕೂತಾಗ ಏರ್ ರೈಫಲ್ ಶೂಟರ್‌ಗಳು ಟೇಪ್ ಹಿಡಿದು ಅಳೆಯಬೇಕಾಗಿ ಬಂದದ್ದು ಇದನ್ನೇ. ಮದ್ದುಗುಂಡಿನ .22 ರೈಫಲ್‌ನವರಿಗೆ, ಹಾರುವ ಮಣ್ಣಿನ ತಟ್ಟೆಗೆ ಗುರಿಯಿಡುವ ಟ್ರ್ಯಾಪ್‌ನವರಿಗೆ ಅಳೆಯುವ ಕೆಲಸವೂ ಇರಲಿಲ್ಲ; ಅವರ ಆಟ ಅಂದೇ ನಿಂತಿತು.

ರೋಗ ಎಲ್ಲ ಕಡೆ ಒಂದೇ. ಆದರೆ ಯಾವ ದೇಶದಲ್ಲಿ ಯಾರ ಶೂಟಿಂಗ್ ಎಷ್ಟು ದಿನ ನಿಂತಿತು ಎನ್ನುವುದಕ್ಕೆ ರೇಂಜಿನ, ಅಂದರೆ ಶೂಟಿಂಗ್ ಅಭ್ಯಾಸದ ಜಾಗದ, ಬೀಗವೊಂದೇ ಕಾರಣವಲ್ಲ. ಬಂದೂಕು ಎಲ್ಲಿದೆ, ತೋಟಾ (ಕಾರ್ಟ್ರಿಜ್) ಎಲ್ಲಿಂದ ಬರಬೇಕು, ಲೈಸೆನ್ಸ್ ಏನು ಕೇಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿತ್ತು.

ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಸ್ಪೋರ್ಟ್ ಶೂಟರ್ ಬಂದೂಕು ಇಟ್ಟುಕೊಳ್ಳಬೇಕಾದರೆ ಅದರ ಅಗತ್ಯ ಇದೆ ಎಂದು ತೋರಿಸುತ್ತಲೇ ಇರಬೇಕು. ಮೊದಲ ಬಂದೂಕಿಗೆ ಹನ್ನೆರಡು ತಿಂಗಳ ಕ್ಲಬ್ ಸದಸ್ಯತ್ವ, ತಿಂಗಳಿಗೊಮ್ಮೆ ಅಥವಾ ವರ್ಷಕ್ಕೆ 18 ಬಾರಿ ಅಭ್ಯಾಸ ಮಾಡಿದ ದಾಖಲೆ ಬೇಕು. 2020ರ ಸೆಪ್ಟೆಂಬರ್ 1ರಿಂದ ಬಂದ ತಿದ್ದುಪಡಿಯಂತೆ ಬಂದೂಕು ಇರುವವರೂ ಮೂರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೆ ಆರು ಬಾರಿ ಹೊಡೆದಿರಬೇಕು, ಅದೂ ಉದ್ದ ಬಂದೂಕಿಗೆ ಬೇರೆ, ಪಿಸ್ತೂಲಿಗೆ ಬೇರೆ. ನಿಯಮ ಬಂದ ಎರಡೇ ತಿಂಗಳಿಗೆ, ನವೆಂಬರ್ 2ರಿಂದ ಕ್ಲಬ್‌ಗಳು ಮತ್ತೆ ಮುಚ್ಚಿದವು. ಒಂದು ಕೈ ಹೊಡೆಯಲೇಬೇಕು ಅನ್ನುತ್ತದೆ, ಇನ್ನೊಂದು ಕೈ ಹೊಡೆಯಕೂಡದು ಅನ್ನುತ್ತದೆ. ಇಂಥ ಹೊತ್ತಿನಲ್ಲಿ ಕ್ಲಬ್ಬಿನ ಹಾಜರಿ ಪುಸ್ತಕದ ಖಾಲಿ ಪುಟದ ಮೇಲೆ ಮುಚ್ಚಿದ ದಿನ, ತೆರೆದ ದಿನ ಬರೆದು ಸಹಿ ಹಾಕಿಟ್ಟುಕೊಳ್ಳುವುದೇ ಬುದ್ಧಿವಂತಿಕೆ. ಎರಡು ವರ್ಷದ ಮೇಲೆ ತಪಾಸಣೆಗೆ ಬಂದವರ ಮುಂದೆ ಬಾಯಿಮಾತು ನಡೆಯುವುದಿಲ್ಲ.

ಪಕ್ಕದ ಸ್ವಿಟ್ಜರ್ಲೆಂಡ್‌ನಲ್ಲಿ ಸೈನಿಕನ ರೈಫಲ್ ಮನೆಯಲ್ಲೇ ಇರುತ್ತದೆ, ವರ್ಷಕ್ಕೊಮ್ಮೆ 20 ಗುಂಡಿನ ಕಡ್ಡಾಯ ಪರೀಕ್ಷೆ. 2020ರಲ್ಲಿ ಸೇನೆಯೇ ಆ ಕಡ್ಡಾಯ ಕೈಬಿಟ್ಟಿತು. ಲುಸರ್ನ್‌ನಲ್ಲಿ ಅದೇ ವರ್ಷ ಆಗಬೇಕಿದ್ದ ರಾಷ್ಟ್ರೀಯ ಶೂಟಿಂಗ್ ಹಬ್ಬ 2021ಕ್ಕೆ ಹೋಯಿತು. ಆಗಲೂ ಒಂದೇ ಕಡೆ ಸೇರದೆ ಅವರವರ ಊರಿನ ರೇಂಜುಗಳಲ್ಲೇ ಹೊಡೆದರು.

ಬ್ರಿಟನ್‌ನ ಬಿಸ್ಲಿಯಲ್ಲಿ 1890ರಿಂದ ನಡೆದುಬಂದಿದ್ದ ಇಂಪೀರಿಯಲ್ ಮೀಟಿಂಗ್ ಎಂಬ ವಾರ್ಷಿಕ ಶೂಟಿಂಗ್ ಸ್ಪರ್ಧೆ 2020ರಲ್ಲಿ ರದ್ದಾಯಿತು. ಅದಕ್ಕೆ ಮೊದಲು ಅದನ್ನು ನಿಲ್ಲಿಸಿದ್ದು ಎರಡು ಮಹಾಯುದ್ಧಗಳು. ಇಂಗ್ಲೆಂಡಿನಲ್ಲಿ ಮೇ 13ರಿಂದ ಹೊರಾಂಗಣದಲ್ಲಿ ಬೇರೆ ಮನೆಯ ಒಬ್ಬರ ಜೊತೆ ಆಡಬಹುದು ಎಂದಾಗ ಬಯಲು ರೇಂಜುಗಳು ಉಸಿರಾಡಿದವು. ಊರೊಳಗಿನ 25 ಗಜದ .22 ಕ್ಲಬ್‌ಗಳು ನಾಲ್ಕು ಗೋಡೆಯೊಳಗಿನವು, ಅವಕ್ಕೆ ಆ ಭಾಗ್ಯ ಬೇಗ ಬರಲಿಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ 12 ಅಡಿ-ಪೌಂಡಿನೊಳಗಿನ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡವಾದ್ದರಿಂದ ಹಿತ್ತಲಿದ್ದವರು ಹಿತ್ತಲಲ್ಲೇ ಹೊಡೆಯಬಹುದಿತ್ತು. ಷರತ್ತು ಒಂದೇ, ಪೆಲೆಟ್ ಬೇಲಿ ದಾಟಬಾರದು, ದಾಟಿದರೆ ಅಪರಾಧ. ಸ್ಕಾಟ್ಲೆಂಡ್‌ನಲ್ಲಿ ಮಾತ್ರ ಏರ್‌ಗನ್‌ಗೂ ಪ್ರಮಾಣಪತ್ರ ಬೇಕು.

ನ್ಯೂಜಿಲೆಂಡ್‌ನವರಿಗೆ ಪಂಚಾಂಗವೇ ಕೈಕೊಟ್ಟಿತು. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಗಂಡು ಕೆಂಪುಜಿಂಕೆಗಳು ಬೆದೆಗೆ ಬಂದು ಕೂಗುವ ಕಾಲ, ಬೇಟೆಗಾರರು ವರ್ಷವಿಡೀ ಕಾಯುವ ವಾರಗಳು. ಸರಿಯಾಗಿ ಆಗಲೇ ನಾಲ್ಕನೇ ಹಂತದ, ಅಂದರೆ ಅತಿ ಬಿಗಿಯಾದ ಲಾಕ್‌ಡೌನ್. ಕಾಡಿನಲ್ಲಿ ಒಬ್ಬನೇ ಹೋದರೂ ಬೇಟೆ ನಿಷೇಧ. ದಾರಿತಪ್ಪಿದರೆ ಹುಡುಕಲು ಹೋಗುವವರಿಗೆ ಅಪಾಯ ಎಂಬುದು ಸರ್ಕಾರದ ವಾದ, ನನ್ನ ಮಟ್ಟಿಗೆ ಒಪ್ಪತಕ್ಕ ವಾದವೇ. ಮೇ ಮೊದಲ ಶನಿವಾರ ಶುರುವಾಗುವ ಬಾತುಕೋಳಿ ಬೇಟೆ ಮೇ 23ಕ್ಕೆ ಹೋಯಿತು.

ಅಮೆರಿಕದ ಕತೆ ತದ್ವಿರುದ್ಧ. ಮಾರ್ಚ್ 28ರಂದು ಒಕ್ಕೂಟ ಸರ್ಕಾರದ ಸಲಹಾ ಪಟ್ಟಿಯಲ್ಲಿ ಬಂದೂಕು ಅಂಗಡಿ, ಕಾರ್ಖಾನೆಗಳ ಜೊತೆ ಶೂಟಿಂಗ್ ರೇಂಜ್‌ಗಳೂ ಅಗತ್ಯ ಸೇವೆಯಾದವು. ಕೆಲವು ರಾಜ್ಯಗಳು ಒಪ್ಪದೆ ಮುಚ್ಚಿಸಿದವು, ಮಾತು ಕೋರ್ಟಿಗೆ ಹೋಯಿತು. ಒಟ್ಟಿನಲ್ಲಿ ಬಹಳ ಕಡೆ ರೇಂಜ್ ತೆರೆದೇ ಇತ್ತು. ಹೊಡೆಯಲು ಗುಂಡು ಇರಲಿಲ್ಲ. ಮಾರ್ಚ್ ಒಂದೇ ತಿಂಗಳಲ್ಲಿ ಎಫ್‌ಬಿಐ ಮಾಡಿದ ಖರೀದಿದಾರರ ಹಿನ್ನೆಲೆ ತಪಾಸಣೆ 37 ಲಕ್ಷ, ವರ್ಷಕ್ಕೆ ಸುಮಾರು 3.97 ಕೋಟಿ. ಹೊಸ ಬಂದೂಕು ಕೊಂಡವರೆಲ್ಲ ಜೊತೆಗೆ ಎರಡು ಡಬ್ಬಿ 9 ಎಂಎಂ ಪಿಸ್ತೂಲು ಗುಂಡು ಕೊಂಡರೆ ಅಂಗಡಿ ಖಾಲಿಯಾಗದೆ ಏನಾಗುತ್ತದೆ? ಒಂದು ಗುಂಡಿಗೆ 20 ಸೆಂಟ್ ಆಸುಪಾಸು ಇದ್ದದ್ದು ಮೂರು ಪಟ್ಟು ದಾಟಿತು. ಇದೇ ಹೊತ್ತಿಗೆ ಜುಲೈನಲ್ಲಿ ಬಂದೂಕು, ಗುಂಡು ತಯಾರಿಸುವ ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕಿತು.

ಮನೆಯಲ್ಲೇ ತೋಟಾ ತುಂಬಿಕೊಳ್ಳುವವರು ತಾವು ಬಚಾವು ಅಂದುಕೊಂಡಿದ್ದರು. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸ್, ಮದ್ದು, ಬುಲೆಟ್, ಪ್ರೈಮರ್. ಕೇಸ್ ಮತ್ತೆ ಮತ್ತೆ ಬಳಸಬಹುದು, ಸೀಸದ ಬುಲೆಟ್ ಎರಕ ಹೊಯ್ಯಬಹುದು. ಬುಡದಲ್ಲಿ ಕೂರುವ ಮಸೂರಕಾಳಿನಷ್ಟು ಗಾತ್ರದ ಪ್ರೈಮರ್ ಮಾತ್ರ ಮನೆಯಲ್ಲಿ ಆಗುವ ವಸ್ತುವಲ್ಲ. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕ ಅದು, ಮಾಡುವ ಕಾರ್ಖಾನೆಗಳು ಬೆರಳೆಣಿಕೆ. ಆ ಕಾರ್ಖಾನೆಗಳು ತಮ್ಮ ಪ್ರೈಮರನ್ನು ಮೊದಲು ತಮ್ಮದೇ ಸಿದ್ಧ ತೋಟಾಗಳಿಗೆ ಹಾಕಿಕೊಂಡವು, ಬಿಡಿ ಮಾರಾಟ ಬತ್ತಿತು. ಸಾವಿರಕ್ಕೆ 30 ಡಾಲರ್ ಇದ್ದದ್ದು 100 ದಾಟಿತು. .22ನವರಿಗಂತೂ ಆ ದಾರಿಯೂ ಇಲ್ಲ: ಅದರಲ್ಲಿ ಸಿಡಿಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ, ಒಮ್ಮೆ ಹೊಡೆದ ಮೇಲೆ ಅದು ಗುಜರಿ.

ನಮ್ಮಲ್ಲಿ ಲಾಕ್‌ಡೌನ್ ಘೋಷಣೆಯಾದದ್ದೂ ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋದದ್ದೂ ಒಂದೇ ದಿನ, ಮಾರ್ಚ್ 24. ದೆಹಲಿಯ ಶೂಟಿಂಗ್ ವಿಶ್ವಕಪ್ ಅದಕ್ಕೂ ಮೊದಲೇ ನಿಂತಿತ್ತು. ಕಾಗದಪತ್ರದ ಕಡೆಯಿಂದ ಇನ್ನೊಂದು ಗಡಿಬಿಡಿ. 2019ರ ಡಿಸೆಂಬರ್ 14ಕ್ಕೆ ಜಾರಿಯಾದ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಲೈಸೆನ್ಸ್‌ದಾರನಿಗೆ ಇದ್ದ ಮೂರು ಬಂದೂಕಿನ ಮಿತಿಯನ್ನು ಎರಡಕ್ಕೆ ಇಳಿಸಿ, ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು ಎಂದಿತ್ತು. ಆ ಒಂದು ವರ್ಷದ ಬಹುಪಾಲು ಲಾಕ್‌ಡೌನ್, ಅನ್‌ಲಾಕ್‌ಗಳಲ್ಲೇ ಕಳೆಯಿತು. ಸ್ಪೋರ್ಟ್ ಶೂಟರ್‌ಗಳಿಗೆ ಬೇರೆ ವಿನಾಯಿತಿ ಇದೆ, ಆದರೆ ತಾತನ ಕಾಲದ ಜೋಡುನಳಿಗೆ ಇಟ್ಟುಕೊಂಡ ಮಲೆನಾಡಿನ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇದೇ ಕಾಯ್ದೆ ಲೈಸೆನ್ಸ್ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದ್ದು ಮಾತ್ರ ಕಾಲಕ್ಕೆ ಸರಿಯಾಗಿ ಒದಗಿತು.

ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ. ಕೋವಿ ಮನೆಯಲ್ಲೇ, ದೇವರ ಕೋಣೆಯಲ್ಲೇ. ಆದರೂ ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದಕ್ಕೆ ಊರೇ ಸೇರಬೇಕು. 2020ರಲ್ಲಿ ಜನ ಸೇರುವುದಕ್ಕೇ ನಿರ್ಬಂಧ ಇತ್ತು.

ಉಳಿದದ್ದು ಏರ್ ರೈಫಲ್, ಏರ್ ಪಿಸ್ತೂಲು. ನಳಿಗೆಯ ಒಳ ಅಡ್ಡಳತೆ (ಬೋರ್) .177 ಇಂಚು, ಶಕ್ತಿ 20 ಜೂಲ್ ಒಳಗಿನದಕ್ಕೆ ನಮ್ಮಲ್ಲಿ ಲೈಸೆನ್ಸ್ ಬೇಡ. ಸ್ಪರ್ಧೆಯ ರೈಫಲ್ ಹೊಮ್ಮಿಸುವುದು ಏಳೂವರೆ ಜೂಲ್ ಅಷ್ಟೇ. ಹಾಗಾಗಿ ಭಾರತದ ಲಾಕ್‌ಡೌನ್ ಶೂಟಿಂಗ್ ಎಂದರೆ ಮನೆಯೊಳಗಿನ ಏರ್ ಶೂಟಿಂಗ್. 2020ರ ಏಪ್ರಿಲ್‌ನಲ್ಲಿ ಮಾಜಿ ಶೂಟರ್ ಶಿಮೋನ್ ಶರೀಫ್ ನಡೆಸಿದ ಅಂತರರಾಷ್ಟ್ರೀಯ ಆನ್‌ಲೈನ್ ಸ್ಪರ್ಧೆಯಲ್ಲಿ ಬೇರೆ ಬೇರೆ ದೇಶದವರು ತಂತಮ್ಮ ಮನೆಯಿಂದಲೇ ಹೊಡೆದರು.

ಹತ್ತು ಮೀಟರ್ ಸಿಗದಿದ್ದರೆ ಏನು ಮಾಡುವುದು? ಗುರಿಯನ್ನು ಕುಗ್ಗಿಸಬೇಕು. ರೈಫಲ್ ಟಾರ್ಗೆಟ್‌ನ ಕಪ್ಪು ವೃತ್ತದ ಅಡ್ಡಳತೆ 30.5 ಮಿ.ಮೀ., ಪಿಸ್ತೂಲಿನದು 59.5. ಇರುವ ದೂರವನ್ನು ಹತ್ತರಿಂದ ಭಾಗಿಸಿ, ಈ ಅಳತೆಯನ್ನು ಅದರಿಂದ ಗುಣಿಸಿದರೆ ಆಯಿತು: 5 ಮೀಟರಿಗೆ ರೈಫಲ್‌ಗೆ 15.25, ಪಿಸ್ತೂಲಿಗೆ 29.75. ಪ್ರಿಂಟ್ ತೆಗೆಯುವಾಗ ಪ್ರಿಂಟರ್ 'ಪೇಜಿಗೆ ಹೊಂದಿಸು' ಎಂದು ತಾನಾಗಿಯೇ ಶೇಕಡಾ ಮೂರು-ನಾಲ್ಕು ಚಿಕ್ಕದು ಮಾಡಿಬಿಡುತ್ತದೆ. ನೂರಕ್ಕೆ ನೂರು ಎಂದು ಆರಿಸಿ, ಆಮೇಲೂ ಸ್ಕೇಲಿಟ್ಟು ನೋಡಿ.

ಎತ್ತರದಲ್ಲಿ ತಪ್ಪುವವರೇ ಹೆಚ್ಚು. ರೇಂಜಿನಲ್ಲಿ ಟಾರ್ಗೆಟ್‌ನ ಮಧ್ಯಬಿಂದು ನೆಲದಿಂದ 1.4 ಮೀಟರ್. ಅದನ್ನೇ 5 ಮೀಟರಿನಲ್ಲೂ ಅಂಟಿಸಿದರೆ ರೈಫಲ್ ಇಳಿಜಾರು ಬದಲಾಗುತ್ತದೆ, ಸೊಂಟ, ಎಡಮೊಣಕೈ ಎಲ್ಲ ಹೊಸ ಜಾಗ ಹುಡುಕುತ್ತವೆ. ಎರಡು ತಿಂಗಳು ಹಾಗೆ ನಿಂತು ಅಭ್ಯಾಸ ಮಾಡಿ ರೇಂಜಿಗೆ ಹೋದರೆ ನಿಲುವೇ ಕೆಟ್ಟಿರುತ್ತದೆ. ನಿಂತು ಗುರಿ ಹಿಡಿದಾಗ ರೈಫಲ್ ಮೇಲಿನ ಸೈಟಿನ (ಗುರಿ ನೋಡುವ ಸಾಧನದ) ಎತ್ತರ ನೆಲದಿಂದ ಅಳೆಯಿರಿ. 1.5 ಮೀಟರ್ ಅಂತಿಟ್ಟುಕೊಳ್ಳಿ. ಹತ್ತು ಮೀಟರಿಗೆ 10 ಸೆಂ.ಮೀ. ಇಳಿಜಾರು, ಅಂದರೆ 5 ಮೀಟರಿಗೆ 5 ಸೆಂ.ಮೀ. ಟಾರ್ಗೆಟ್ 1.45ರಲ್ಲಿರಬೇಕು.

ಇನ್ನೊಂದು ವಿಚಾರ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಹತ್ತಿರದ ಪುಟ್ಟ ಗುರಿಯಲ್ಲಿ ಮೈ ಜೋಲಿ ಜಾಸ್ತಿ ಕಾಣುತ್ತದೆ. ರೈಫಲ್ ಪೂರ್ತಿಯಾಗಿ 1 ಮಿ.ಮೀ. ಪಕ್ಕಕ್ಕೆ ಸರಿದರೆ ಅರ್ಧ ಗಾತ್ರದ ಟಾರ್ಗೆಟ್ ಮೇಲೆ ಅದು 2 ಮಿ.ಮೀ. ಇದ್ದ ಹಾಗೆ. ಗುರಿಯ ಓಲಾಟವನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ತೋರಿಸುವ ಸ್ಕ್ಯಾಟ್‌ನಂಥ ಯಂತ್ರದಲ್ಲಿ ಗೆರೆ ಚೆಲ್ಲಾಪಿಲ್ಲಿಯಾಗಿ ಕಂಡರೆ ಹೆದರಿ ನಿಲುವು ಬದಲಿಸಬೇಡಿ. 5 ಮೀಟರಿಗಿಂತ ಹತ್ತಿರ ಬೇಡ; ಕಪ್ಪು ತುಂಬ ಸ್ಪಷ್ಟವಾಗಿ ಕಂಡು ಕಣ್ಣು ಫ್ರಂಟ್ ಸೈಟ್ ಬಿಟ್ಟು ಅತ್ತ ಓಡುತ್ತದೆ.

ಪೆಲೆಟ್ ಉಳಿಸಬೇಕಾದರೆ ಡ್ರೈ ಫೈರ್, ಅಂದರೆ ಪೆಲೆಟ್ ಹಾಕದೆ ಟ್ರಿಗರ್ ಒತ್ತುವ ಅಭ್ಯಾಸ. ಸ್ಪರ್ಧೆಯ ರೈಫಲ್‌ಗಳಲ್ಲಿ ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡುವ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗಿನ ಏರ್‌ಗನ್ ಮಾತ್ರ ಪೆಲೆಟ್ ಇಲ್ಲದೆ ಒತ್ತಲೇಬೇಡಿ: ಎದುರು ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ಮುಂದಿನ ಗೋಡೆಗೆ ಬಡಿದು ಸೀಲ್ ಹರಿಯುತ್ತದೆ. .22 ಕೂಡ ಖಾಲಿ ಒತ್ತಿದರೆ ಪಿನ್ನು ಚೇಂಬರ್ ಅಂಚಿಗೆ ಹೊಡೆದು ಗುಳಿ ಬೀಳಿಸುತ್ತದೆ. ಟ್ರ್ಯಾಪ್‌ನವರು ಖಾಲಿ ಬಂದೂಕಿನ ನಳಿಗೆ ಬಾಯಿಗೆ ಸಣ್ಣ ಟಾರ್ಚ್ ಸಿಕ್ಕಿಸಿ ಗೋಡೆ-ಸೂರು ಕೂಡುವ ಗೆರೆಯ ಮೇಲೆ ಬೆಳಕು ಓಡಿಸಿ ಮೌಂಟ್ (ಬಂದೂಕನ್ನು ಹೆಗಲಿಗೇರಿಸುವುದು) ಅಭ್ಯಾಸ ಮಾಡಬಹುದು.

ಪೆಲೆಟ್ ಹೊಡೆಯುವುದೇ ಆದರೆ, ಹಿಂದೆ ಮರದ ಹಲಗೆ ಇಟ್ಟರೆ ಪೆಲೆಟ್ ತಿರುಗಿ ಮುಖಕ್ಕೇ ಬರುತ್ತದೆ. 3 ಮಿ.ಮೀ. ಕಬ್ಬಿಣದ ತಗಡನ್ನು ಕೆಳಮುಖವಾಗಿ 45 ಡಿಗ್ರಿ ವಾಲಿಸಿ, ಕೆಳಗೆ ತಟ್ಟೆ ಇಟ್ಟ ಪೆಟ್ಟಿಗೆ ಸರಿ. ಸುತ್ತ ದಪ್ಪ ಕಂಬಳಿ ಇಳಿಬಿಡಿ, ಕನ್ನಡಕ ಹಾಕಿ, ಗುರಿಯ ಕಡೆಯ ಬಾಗಿಲ ಚಿಲಕ ಒಳಗಿನಿಂದ ಹಾಕಿ. ಸೀಸದ ಧೂಳನ್ನು ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಅದರಲ್ಲೂ ಗುರಿ ಅಡುಗೆಮನೆ ಕಡೆ ಇದ್ದರೆ. ಹತ್ತು ಮೀಟರಿಗೆ ಸೆಟ್ ಮಾಡಿದ ರೈಫಲ್ 5 ಮೀಟರಿನಲ್ಲಿ ಎರಡು ಸೆಂಟಿಮೀಟರ್ ಆಸುಪಾಸು ಕೆಳಗೆ ಹೊಡೆಯುತ್ತದೆ, ಏಕೆಂದರೆ ಸೈಟು ನಳಿಗೆಗಿಂತ ಮೇಲಿದೆ. ಅದನ್ನು ಸರಿಪಡಿಸಲು ಸೈಟಿನ ತಿರುಪನ್ನು ಎಷ್ಟು ಕ್ಲಿಕ್ ತಿರುಗಿಸಿದಿರಿ ಎಂದು ಬರೆದಿಡದಿದ್ದರೆ ರೇಂಜಿನ ಮೊದಲ ದಿನ ಪೂರ್ತಿ ಅದಕ್ಕೇ ಹೋಗುತ್ತದೆ.

ಕೊನೆಗೆ ಗಾಳಿ. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದ ರೈಫಲ್ ಸಿಲಿಂಡರ್ ಸುಮಾರು 200 ಗುಂಡಿಗೆ ಬರುತ್ತದೆ, ಅಂದರೆ ಎರಡು-ಮೂರು ದಿನದ ಅಭ್ಯಾಸ. ಕಂಪ್ರೆಸರ್ ಇರುವುದು ರೇಂಜಿನಲ್ಲಿ. ಕೈಪಂಪಿನಲ್ಲಿ ತುಂಬಬಹುದು, ಆದರೆ ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನಂಶವೂ ಜೊತೆಗೇ ಹೋಗಿ ವಾಲ್ವ್ ತುಕ್ಕು ಹಿಡಿಯುತ್ತದೆ. ತೇವ ಹೀರುವ ಫಿಲ್ಟರ್ ಇಲ್ಲದ ಪಂಪ್ ಬೇಡ. ಆಕ್ಸಿಜನ್ ಸಿಲಿಂಡರಿಗೆ ಅಡಾಪ್ಟರ್ ಹಾಕುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ: ಒತ್ತಡದ ಆಕ್ಸಿಜನ್‌ಗೆ ಒಂದು ಹನಿ ಎಣ್ಣೆ ತಗುಲಿದರೂ ಸಿಡಿಯುತ್ತದೆ. ತಿಂಗಳುಗಟ್ಟಲೆ ಇಡುವಾಗ ಪೂರ್ತಿ ಖಾಲಿ ಮಾಡಬೇಡಿ, ಸ್ವಲ್ಪ ಒತ್ತಡ ಉಳಿದರೆ ಹೊರಗಿನ ತೇವ ಒಳಗೆ ಬರುವುದಿಲ್ಲ. ಹಾಗೆಯೇ ಸಿಲಿಂಡರ್ ಮೇಲೆ ಕೊರೆದ ತಯಾರಿಕೆಯ ತಿಂಗಳು-ವರ್ಷ ನೋಡಿಕೊಳ್ಳಿ. ತಯಾರಕರು ಕೊಡುವ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. 2010, 2011ರ ಸಿಲಿಂಡರುಗಳದ್ದು ಪೆಟ್ಟಿಗೆಯೊಳಗೆ ಇದ್ದಲ್ಲೇ ಮುಗಿದಿರುತ್ತದೆ, ರೇಂಜ್ ತೆರೆದ ದಿನ ಅದನ್ನು ತುಂಬಿಸಲು ತೆಗೆದುಕೊಂಡು ಹೋಗಬಾರದು.