ತಮ್ಮ ಊರು ಉಳಿಯಲಿಲ್ಲ, ಆದರೂ 36 ವರ್ಷ ಮೇಯರ್: ಹೇಜಲ್ ಮೆಕ್ಯಾಲಿಯನ್

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರೊಂಟೊ ನಗರದ ಪಶ್ಚಿಮಕ್ಕೆ ಅಂಟಿಕೊಂಡಂತೆ ಮಿಸಿಸಾಗಾ ಎಂಬ ನಗರವಿದೆ. ಹೇಜಲ್ ಮೆಕ್ಯಾಲಿಯನ್ 1978ರಿಂದ 2014ರವರೆಗೆ, ಸತತ 12 ಅವಧಿಗೆ, ಅಲ್ಲಿನ ಮೇಯರ್ ಆಗಿದ್ದರು. ಮೊದಲ ಬಾರಿ ಗೆದ್ದಾಗ ಅವರಿಗೆ 57 ವರ್ಷ, ಅಧಿಕಾರ ಬಿಟ್ಟಾಗ 93. ಇಷ್ಟು ದೀರ್ಘಕಾಲ ಒಂದೇ ಕುರ್ಚಿಯಲ್ಲಿ ಕೂತವರ ಬಗ್ಗೆ ನನಗೆ ಮೊದಲಿಂದಲೂ ಅನುಮಾನವೇ ಹೆಚ್ಚು. ಆದರೆ ಇವರ ಬದುಕಿನ ವಿವರಗಳನ್ನು ಓದುತ್ತಾ ಹೋದಂತೆ, ಮೇಯರ್ ಆಗುವುದಕ್ಕೆ ಕೆಲವೇ ವರ್ಷ ಮೊದಲು ಅವರು ಕಂಡ ಒಂದು ಸೋಲು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅವರು ಹುಟ್ಟಿದ್ದು 1921ರ ಫೆಬ್ರುವರಿ 14ರಂದು, ಕ್ವಿಬೆಕ್‌ನ ಗ್ಯಾಸ್ಪೆ ಕರಾವಳಿಯ ಪೋರ್ಟ್ ಡೇನಿಯಲ್‌ನಲ್ಲಿ. ತಂದೆಗೆ ಮೀನುಗಾರಿಕೆಯ ವ್ಯವಹಾರವಿದ್ದರೂ ಮಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ಮಾಂಟ್ರಿಯಲ್‌ನಲ್ಲಿ ಅವರು ಮಹಿಳಾ ಐಸ್ ಹಾಕಿ ತಂಡದಲ್ಲಿ ಪಂದ್ಯಕ್ಕೆ 5 ಡಾಲರ್ ಸಂಭಾವನೆಗೆ ಆಡಿದರು; ಮೇಯರ್ ಆದ ಮೇಲೂ ಕಾರಿನ ಡಿಕ್ಕಿಯಲ್ಲಿ ಹಾಕಿ ಸ್ಟಿಕ್ ಇಟ್ಟುಕೊಂಡೇ ಓಡಾಡುತ್ತಿದ್ದರಂತೆ. ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ಸುಮಾರು ಎರಡು ದಶಕ ದುಡಿದರು. 1951ರಲ್ಲಿ ಸ್ಯಾಮ್ ಮೆಕ್ಯಾಲಿಯನ್ ಅವರನ್ನು ಮದುವೆಯಾಗಿ ಸ್ಟ್ರೀಟ್ಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಸಂಸಾರ ಹೂಡಿದರು.

ಆ ಸ್ಟ್ರೀಟ್ಸ್‌ವಿಲ್‌ಗೆ ಅವರು 1970ರಲ್ಲಿ ಮೇಯರ್ ಆದರು. ಅಷ್ಟರಲ್ಲೇ ಪ್ರಾಂತ್ಯದ ಸರ್ಕಾರ ಸ್ಟ್ರೀಟ್ಸ್‌ವಿಲ್, ಪೋರ್ಟ್ ಕ್ರೆಡಿಟ್ ಮತ್ತು ಮಿಸಿಸಾಗಾಗಳನ್ನು ಸೇರಿಸಿ ಒಂದೇ ನಗರ ಮಾಡುವುದಕ್ಕೆ ಹೊರಟಿತ್ತು. ಊರಿನ ಆಡಳಿತ ಊರಿನವರ ಕೈಯಲ್ಲೇ ಇರಬೇಕೆಂದು ಹೇಜಲ್ ಪಟ್ಟು ಹಿಡಿದು ಹೋರಾಡಿದರೂ ಫಲ ಸಿಗಲಿಲ್ಲ. 1974ರ ಜನವರಿ 1ರಂದು ಸ್ಟ್ರೀಟ್ಸ್‌ವಿಲ್ ಪುರಸಭೆ ಇಲ್ಲವಾಯಿತು. ಸೋತವರು ಮನೆ ಸೇರುವುದು ಸಹಜ. ಇವರು ಮಾತ್ರ ಯಾವ ನಗರ ಬೇಡವೆಂದು ಹೋರಾಡಿದ್ದರೋ ಅದರ ಕೌನ್ಸಿಲ್‌ನಲ್ಲೇ ಹೋಗಿ ಕೂತರು, 1978ರ ನವೆಂಬರ್‌ನಲ್ಲಿ ಹಾಲಿ ಮೇಯರನ್ನು ಸೋಲಿಸಿ ಅದೇ ನಗರದ ಹೊಣೆ ಹೊತ್ತರು.

ವರ್ಷ ತುಂಬುವಷ್ಟರಲ್ಲಿ ಪರೀಕ್ಷೆ ಎದುರಾಯಿತು. 1979ರ ನವೆಂಬರ್ 10, ಶನಿವಾರ ರಾತ್ರಿ, ಇನ್ನೇನು ಹನ್ನೆರಡು ಗಂಟೆ ಎನ್ನುವಾಗ, 106 ಬೋಗಿಗಳ ಗೂಡ್ಸ್ ರೈಲೊಂದು ಮೇವಿಸ್ ರಸ್ತೆಯ ಬಳಿ ಹಳಿ ತಪ್ಪಿತು. ಒಂದು ಬೋಗಿಯ ಬೇರಿಂಗ್ ಕಾದು ಕೆಂಪಾಗಿ ಅಚ್ಚು ಮುರಿದಿದ್ದೇ ಕಾರಣ. ಪ್ರೊಪೇನ್ ತುಂಬಿದ ಟ್ಯಾಂಕರ್‌ಗಳು ಸ್ಫೋಟಿಸಿ ಬೆಂಕಿ ಆಕಾಶಕ್ಕೆ ಎದ್ದಿತು. ಆದರೆ ನಿಜವಾದ ಭಯವಿದ್ದದ್ದು ಅವುಗಳ ನಡುವೆ ಸಿಲುಕಿ ಸೋರುತ್ತಿದ್ದ ಕ್ಲೋರಿನ್ ಟ್ಯಾಂಕರ್‌ನದು, ಏಕೆಂದರೆ ಗಾಳಿ ಬೀಸಿದ ದಿಕ್ಕಿನಲ್ಲಿ ಆ ವಿಷಾನಿಲ ಹರಡಿದರೆ ಮಲಗಿದವರು ಮಲಗಿದಲ್ಲೇ ಸಾಯುವ ಅಪಾಯವಿತ್ತು. ಪೊಲೀಸರು, ಅಗ್ನಿಶಾಮಕ ದಳ, ಪ್ರಾಂತ್ಯದ ಅಧಿಕಾರಿಗಳು ಮತ್ತು ಮೇಯರ್ ಕೂಡಿ, ಗಾಳಿಯ ದಿಕ್ಕು ಬದಲಾದಂತೆಲ್ಲ ಬಡಾವಣೆಯ ಮೇಲೆ ಬಡಾವಣೆಯನ್ನು ತೆರವು ಮಾಡಿಸಿದರು. ಆಸ್ಪತ್ರೆಗಳು, ವೃದ್ಧಾಶ್ರಮಗಳೂ ಖಾಲಿಯಾದವು. ಒಟ್ಟು 2 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಈ ಓಡಾಟದಲ್ಲಿ ಹೇಜಲ್ ಅವರ ಪಾದದ ಕೀಲು ಉಳುಕಿತು; ಅವರು ಕುಂಟುತ್ತಲೇ ಪತ್ರಕರ್ತರ ಮುಂದೆ ಬಂದು, ಎಲ್ಲಿ ಏನಾಗುತ್ತಿದೆ ಎಂದು ವಿವರಿಸುತ್ತಿದ್ದರು. ಸೋರಿಕೆ ನಿಂತು ಕೊನೆಯವರು ಮನೆಗೆ ಮರಳಿದಾಗ ಸುಮಾರು ಆರು ದಿನ ಕಳೆದಿದ್ದವು. ಒಂದೇ ಒಂದು ಜೀವ ಹೋಗಿರಲಿಲ್ಲ. ಬಲವಂತದಿಂದ ಒಂದುಗೂಡಿದ್ದ ಮೂರು ಊರುಗಳ ಜನರಿಗೆ ತಾವೆಲ್ಲ ಒಂದೇ ನಗರದವರೆಂಬ ಭಾವನೆ ಬಂದದ್ದು ಆ ವಾರದಲ್ಲೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ಹಣದ ವಿಷಯದಲ್ಲಿ ಅವರದು ಪಕ್ಕಾ ಮನೆವಾರ್ತೆಯ ಲೆಕ್ಕ: ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಸಾಲ ಕೂಡದು. ಹೊಸ ಬಡಾವಣೆ ಕಟ್ಟುವವರಿಂದ ಅಭಿವೃದ್ಧಿ ಶುಲ್ಕವನ್ನು ಮುಲಾಜಿಲ್ಲದೆ ವಸೂಲಿ ಮಾಡಿ, ರಸ್ತೆ, ಗ್ರಂಥಾಲಯ, ಸಮುದಾಯ ಕೇಂದ್ರಗಳಿಗೆ ಹಾಕಿದರು. 1976ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಜನಸಂಖ್ಯೆ 2011ರ ಹೊತ್ತಿಗೆ 7 ಲಕ್ಷ ದಾಟಿತ್ತು. ಅದರಲ್ಲಿ ಬಹುಕಾಲ ನಗರದ ಮೇಲೆ ಸಾಲವಿರಲಿಲ್ಲ. ಆದರೆ ಈ ಲೆಕ್ಕ ನಿಂತಿದ್ದದ್ದು ಖಾಲಿ ಜಮೀನಿನ ಮೇಲೆ. ಜಮೀನು ಮುಗಿಯುತ್ತಾ ಬಂದಂತೆ ಶುಲ್ಕದ ಆದಾಯವೂ ಇಳಿಯಿತು, ಅವರ ಕೊನೆಯ ಅವಧಿಯಲ್ಲಿ ನಗರ ಮತ್ತೆ ಸಾಲಕ್ಕೆ ಕೈ ಹಾಕಬೇಕಾಯಿತು. ಕಾರಿಲ್ಲದೆ ಹಾಲು ತರುವುದೂ ಕಷ್ಟವೆನಿಸುವಂಥ ಬಡಾವಣೆಗಳು ಬೆಳೆದದ್ದೂ ಈ ಕಾಲದಲ್ಲೇ. ಅವರನ್ನು ಎಷ್ಟೇ ಮೆಚ್ಚಿದರೂ ಇದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ.

ಹಾಗೆಯೇ, ಹಿತಾಸಕ್ತಿ ಸಂಘರ್ಷದ ವಿಷಯವನ್ನೂ ಹೇಳಬೇಕು. ತಮಗೆ ಸಂಬಂಧಿಸಿದ ಜಮೀನಿನ ವಿಷಯ ಚರ್ಚೆಗೆ ಬಂದಾಗ ಸಭೆಯಿಂದ ಹೊರಗುಳಿಯದೆ ತಪ್ಪು ಮಾಡಿದರೆಂದು 1982ರಲ್ಲಿ ನ್ಯಾಯಾಲಯ ಹೇಳಿತು, ಆದರೆ ಸ್ಥಾನ ಹೋಗಲಿಲ್ಲ. ಮಗನಿಗೆ ಪಾಲಿದ್ದ ಹೋಟೆಲ್ ಯೋಜನೆಯೊಂದರಲ್ಲಿ ಅವರು ನಡೆದುಕೊಂಡ ರೀತಿಯನ್ನು 2011ರ ನ್ಯಾಯಾಂಗ ವಿಚಾರಣಾ ವರದಿ ಸ್ಪಷ್ಟ ಮಾತುಗಳಲ್ಲಿ ಟೀಕಿಸಿತು. ಈ ವಿಚಾರಣೆ ನಡೆಯುತ್ತಿದ್ದಾಗಲೇ, 2010ರ ಚುನಾವಣೆಯಲ್ಲಿ, ಮತದಾರರು ಅವರಿಗೆ ಶೇ. 76ರಷ್ಟು ಮತ ಕೊಟ್ಟಿದ್ದರು.

ಅಷ್ಟು ವಿಶ್ವಾಸ ಎಲ್ಲಿಂದ ಬಂತು ಎಂಬುದಕ್ಕೆ ಅವರ ಚುನಾವಣೆಯ ಕ್ರಮವನ್ನೇ ನೋಡಬೇಕು. ಬೋರ್ಡಿಲ್ಲ, ದೇಣಿಗೆ ಸಂಗ್ರಹವಿಲ್ಲ, ಹೆಸರಿಗೂ ಪ್ರಚಾರವಿಲ್ಲ. ಹಣ ಕೊಡಲು ಬಂದವರಿಗೆ ಅದನ್ನು ಯಾವುದಾದರೂ ಧರ್ಮಕಾರ್ಯಕ್ಕೆ ಕೊಡಿ ಎನ್ನುತ್ತಿದ್ದರು. ದಕ್ಷಿಣ ಆಫ್ರಿಕಾ ಭಾಗದ ಎಚ್‌ಐವಿ ಬಾಧಿತ ಮಕ್ಕಳ ಆರೈಕೆಗಾಗಿ ಹಣ ಕೂಡಿಸಲು ಮಾತ್ರ ತಾವೇ ಮುಂದೆ ನಿಂತರು. ಮನೆಗೆಲಸವನ್ನೂ ಸ್ವತಃ ಮಾಡಿಕೊಳ್ಳುತ್ತಿದ್ದರು. ಪತಿ ಸ್ಯಾಮ್ ಆಲ್‌ಝೈಮರ್ಸ್ ಕಾಯಿಲೆಯಿಂದ ನರಳಿ 1997ರಲ್ಲಿ ತೀರಿಕೊಂಡ ಮೇಲೂ 17 ವರ್ಷ ಅಧಿಕಾರದಲ್ಲಿದ್ದರು.

2023ರ ಜನವರಿ 29ರಂದು, 101ನೇ ವಯಸ್ಸಿನಲ್ಲಿ, ಅವರು ನಿಧನರಾದರು. ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆಯ ವಿಧಿಗಳು ನಡೆದದ್ದು ಫೆಬ್ರುವರಿ 14ರಂದು, ಅವರ ಹುಟ್ಟುಹಬ್ಬದ ದಿನವೇ. ಅದಕ್ಕೂ ಮೊದಲೇ, ಪೋರ್ಟ್ ಕ್ರೆಡಿಟ್‌ನಿಂದ ಹೊರಟು ಮಿಸಿಸಾಗಾದ ನಡುವೆ ಹಾದು ಬ್ರಾಂಪ್ಟನ್ ಮುಟ್ಟುವ, ಸುಮಾರು 18 ಕಿಲೋಮೀಟರ್ ಉದ್ದದ ಲಘು ರೈಲು ಮಾರ್ಗಕ್ಕೆ ಅವರ ಹೆಸರಿಟ್ಟಾಗಿತ್ತು. ಕಾರುಗಳನ್ನೇ ನಂಬಿ ಬೆಳೆದ ಆ ನಗರದಲ್ಲಿ ಕಾರಿಲ್ಲದವರೂ ಸಲೀಸಾಗಿ ಓಡಾಡಲೆಂದು ಹಾಕುವ ಹಳಿ ಅದು.